ಕಾಶಿಯಲ್ಲಿ ಬಿಟ್ಟ ಸಕ್ಕರೆ

ನನ್ನ ಎಡ ಮೊಣಕೈಯ ಒಳಮಡಿಕೆಯಲ್ಲಿ ಎಳ್ಳಿನಷ್ಟು ಸಣ್ಣ ಕಲೆಯೊಂದಿದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಚುಚ್ಚಿದರೆ ಚರ್ಮ ಅಲ್ಲಿ ತುಸು ಬೆಳ್ಳಗಾಗಿ ಗಟ್ಟಿಯಾಗುತ್ತದೆ. ನೋಡಿದರೆ ಕಾಣುವುದಿಲ್ಲ, ಬೆರಳಿಟ್ಟರೆ ತಿಳಿಯುತ್ತದೆ. ಕಾಯಿಲೆಯವಳೆಂದು ಯಾರೂ ನನಗೆ ಅಲ್ಲಿ ಚುಚ್ಚಲಿಲ್ಲ. ಆರೋಗ್ಯವಂತಳೆಂದು ಚುಚ್ಚಿದರು.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಲಾಸ್ ಏಂಜಲೀಸಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ, ಇಲ್ಲಿಗೆ ಬಂದು ಇನ್ನೊಂದು ಡಿಗ್ರಿ ಮಾಡಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಮೆಕ್ಸಿಕೊ ಮೂಲದ ವಯಸ್ಕರಲ್ಲಿ ಯಾರಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದನ್ನು, ಅದು ಬರುವ ಮೊದಲೇ ರಕ್ತ ನೋಡಿ ಹೇಳಬಹುದೇ ಎಂಬುದು ನಮ್ಮ ಪ್ರೊಫೆಸರರ ಪ್ರಶ್ನೆಯಾಗಿತ್ತು. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇರಬಹುದು. ಆದರೆ ಅದನ್ನು ಸರಿಯಾಗಿ ಇಡುವುದಕ್ಕೆ ದೇಹ ಎಷ್ಟು ಇನ್ಸುಲಿನ್ ಸುರಿಸುತ್ತಿದೆ? ಬೆಳಗಿನ ಖಾಲಿ ಹೊಟ್ಟೆಯಲ್ಲೇ ಇನ್ಸುಲಿನ್ ಹೆಚ್ಚಿದ್ದರೆ, ಜೊತೆಗೆ ರಕ್ತದ ಕೊಬ್ಬೂ ಏರಿದ್ದರೆ, ಆ ಮನುಷ್ಯ ಹೊರಗೆ ನೆಟ್ಟಗೆ ನಡೆಯುತ್ತಿದ್ದರೂ ಒಳಗೆ ಏದುಸಿರು ಬಿಡುತ್ತಿದ್ದಾನೆ ಎಂದು ಅವರು ವಿವರಿಸುತ್ತಿದ್ದರು.

ಹೆಚ್ಚು ಎನ್ನಬೇಕಾದರೆ ಸರಿಯಾದದ್ದು ಯಾವುದೆಂದು ಗೊತ್ತಿರಬೇಕು. ಅದಕ್ಕೆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಲ್ಯಾಬಿನವರೇ ನಾಲ್ಕಾರು ಜನ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುವುದು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿಯನ್ನೆಲ್ಲ ಒಟ್ಟಿಗೆ ಬೆರೆಸಿ, ಪುಟ್ಟ ಕೊಳವೆಗಳಿಗೆ ಹಂಚಿ, ಫ್ರೀಜರಿನಲ್ಲಿ ಇಡುವುದು. ಅದಕ್ಕೆ ನಾರ್ಮಲ್ ಪೂಲ್ ಎಂದು ಹೆಸರು. ಪ್ರತಿದಿನ ಜನರ ರಕ್ತದ ಜೊತೆಗೆ ಅದರ ಒಂದು ಕೊಳವೆಯನ್ನೂ ಯಂತ್ರದಲ್ಲಿ ಓಡಿಸುತ್ತಿದ್ದೆವು. ಅದರ ಅಂಕಿ ಯಾವಾಗಲೂ ಕೆಳಗೇ ಇರಬೇಕು. ಏರಿದರೆ ಯಂತ್ರ ಕೆಟ್ಟಿದೆ ಎಂದು ಅರ್ಥ.

ನಾನು ಸೇರಿದ ಹೊಸದರಲ್ಲಿ ಪ್ರೊಫೆಸರ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಕ್ಕಿದ್ದರು.

"ಸಿಗರೇಟಿಲ್ಲ, ಮದ್ಯವಿಲ್ಲ, ಮಾಂಸವಿಲ್ಲ, ಮೈಯಲ್ಲಿ ಕೊಬ್ಬಿಲ್ಲ. ನಿನಗಿಂತ ನಾರ್ಮಲ್ ನನಗೆಲ್ಲಿ ಸಿಗಬೇಕು? ಮನೆಯಲ್ಲಿ ಯಾರಿಗಾದರೂ ಡಯಾಬಿಟಿಸ್ ಇದೆಯೇ?"

"ಯಾರಿಗೂ ಇಲ್ಲ," ಎಂದೆ.

ನನಗೆ ಗೊತ್ತಿದ್ದ ಮಟ್ಟಿಗೆ ಅದು ನಿಜವೇ ಆಗಿತ್ತು. ನಮ್ಮದು ಉಡುಪಿ ಕಡೆಯ ಕುಟುಂಬ. ಅಪ್ಪ ಮೈಸೂರಿನಲ್ಲಿ ಮೇಷ್ಟರಾಗಿದ್ದರಿಂದ ನಾನು ಬೆಳೆದದ್ದು ಅಲ್ಲಿ. ಮನೆಯಲ್ಲಿ ಸಿಹಿ ತಿನ್ನದವರು ಮೂವರಿದ್ದರು: ಅಜ್ಜಿ, ಅಪ್ಪನ ಅಕ್ಕ, ಅಪ್ಪ. ಮೂವರೂ ಸಕ್ಕರೆಯನ್ನು ಕಾಶಿಯಲ್ಲಿ ಬಿಟ್ಟಿದ್ದರು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಗೆ ಬಿಟ್ಟು, ಮತ್ತೆ ಬದುಕಿರುವ ತನಕ ಅದನ್ನು ಮುಟ್ಟದಿರುವುದು ನಮ್ಮಲ್ಲಿ ವಾಡಿಕೆ. ಪಕ್ಕದ ಮನೆಯವರು ಸೀತಾಫಲ ಬಿಟ್ಟಿದ್ದರು. ಹಾಗಲಕಾಯಿ ಬಿಟ್ಟು ಬಂದ ಜಾಣರೊಬ್ಬರನ್ನು ಬೀದಿಯೆಲ್ಲ ಗೇಲಿ ಮಾಡುತ್ತಿತ್ತು. ನಮ್ಮವರು ಸಕ್ಕರೆ, ಬೆಲ್ಲ ಎರಡನ್ನೂ ಬಿಟ್ಟವರು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಎಂಥ ವೈರಾಗ್ಯ ಎಂದು ಜನ ಹೇಳುವುದನ್ನು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು.

ಅಜ್ಜಿಯ ಕಾಲಿನ ಹೆಬ್ಬೆರಳನ್ನು ತೆಗೆಯಬೇಕಾಗಿ ಬಂದದ್ದು ಚಪ್ಪಲಿ ಕಚ್ಚಿ ಹುಣ್ಣಾದದ್ದರಿಂದ. ಅತ್ತೆಯ ಕಣ್ಣು ಮಂಜಾದದ್ದು ಸೌದೆ ಒಲೆಯ ಹೊಗೆಯಿಂದ. ಅಪ್ಪ ಊಟಕ್ಕೆ ಮೊದಲು ಎರಡು ಹೋಳು ಮಾಡಿ ಒಂದನ್ನು ನುಂಗುತ್ತಿದ್ದ ಬಿಳಿ ಮಾತ್ರೆ ಶಕ್ತಿಗೆ. ಒಂದೊಂದಕ್ಕೂ ಬೇರೆ ಬೇರೆ ಕಾರಣವಿತ್ತು. ಬಯೋಕೆಮಿಸ್ಟ್ರಿ ಓದಿದವಳಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದು ಕೇಳಬಹುದು. ಹೊಳೆಯಲಿಲ್ಲ. ಪುಸ್ತಕದಲ್ಲಿದ್ದವರು ರೋಗಿಗಳು, ಮನೆಯಲ್ಲಿದ್ದವರು ಯಾತ್ರೆ ಮಾಡಿ ಬಂದವರು.

ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದವಳು ಮೆಕ್ಸಿಕೊ ಮೂಲದವಳು, ಲಾಸ್ ಏಂಜಲೀಸಿನ ಬಂದರು ಬಡಾವಣೆಯಾದ ಸ್ಯಾನ್ ಪೀಡ್ರೊದಲ್ಲೇ ಹುಟ್ಟಿ ಬೆಳೆದವಳು. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನನ್ನು 'ಫ್ಲಾಕಾ' ಎಂದು ಕರೆಯುತ್ತಿದ್ದಳು, ಅಂದರೆ ಸಣಕಲಿ. "ಬಾ ಫ್ಲಾಕಾ, ನಿನ್ನ ಪವಿತ್ರ ರಕ್ತ ಕೊಡು," ಎಂದು ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದಳು. ಸೋಮವಾರಗಳಲ್ಲಿ ನಾವಿಬ್ಬರೂ ಸ್ಯಾನ್ ಪೀಡ್ರೊದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಬಂದರಿನಲ್ಲಿ ದುಡಿಯುವವರು, ಮೀನಿನ ಡಬ್ಬಿ ತುಂಬಿ ವಯಸ್ಸು ಕಳೆದ ಹೆಂಗಸರು, ಟ್ರಕ್ ಓಡಿಸುವವರು ಬೆಳಿಗ್ಗೆ ಏನೂ ತಿನ್ನದೆ ಬಂದು ಸಾಲಾಗಿ ಕೂರುತ್ತಿದ್ದರು. ಅವಳು ರಕ್ತ ತೆಗೆಯುತ್ತಿದ್ದಳು. ನಾನು ಕೊಳವೆಗಳಿಗೆ ಚೀಟಿ ಅಂಟಿಸಿ ಐಸ್ ಡಬ್ಬಿಯಲ್ಲಿ ಇಡುತ್ತಿದ್ದೆ.

ಆ ಹೆಂಗಸರು ಕಾಯಿಲೆಯನ್ನು ಮುಚ್ಚಿಡುತ್ತಿರಲಿಲ್ಲ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಪಕ್ಕದ ಕುರ್ಚಿಯವಳ ಹೆಸರು ಗೊತ್ತಾಗುವ ಮೊದಲೇ ಅವಳ ತಾಯಿಗೆ ಯಾವ ಕಾಲು ಇಲ್ಲ ಎಂದು ಗೊತ್ತಾಗುತ್ತಿತ್ತು. ಸಕ್ಕರೆ ಕಾಯಿಲೆ ದೊಡ್ಡ ಹೆದರಿಕೆಯಿಂದ ಬರುತ್ತದೆ ಎಂಬುದು ಅವರ ನಂಬಿಕೆ. ಆದ್ದರಿಂದ ಪ್ರತಿಯೊಬ್ಬರ ಹತ್ತಿರವೂ ಒಂದು ಕಥೆ ಇರುತ್ತಿತ್ತು.

"ನನ್ನ ಗಂಡನ ಟ್ರಕ್ ಮಗುಚಿತಲ್ಲ, ಫೋನ್ ಬಂತಲ್ಲ, ಆವತ್ತೇ ಸಕ್ಕರೆ ಒಳಗೆ ಬಂತು."

"ಗಂಡ ಸತ್ತನಾ?" ಎಂದು ಪಕ್ಕದ ಕುರ್ಚಿಯವಳು ಕೇಳುತ್ತಿದ್ದಳು.

"ಎಲ್ಲಿ! ಗಟ್ಟಿಮುಟ್ಟಾಗಿದ್ದಾನೆ. ಟ್ರಕ್ ಮಗುಚಿದ್ದು ಅವನದು, ಸಕ್ಕರೆ ನನಗೆ!"

ಎಲ್ಲರೂ ನಗುತ್ತಿದ್ದರು. ಒಮ್ಮೆ ಅವರಲ್ಲೊಬ್ಬಳು, ಬೆಳ್ಳಿ ಜಡೆಯ ಮುದುಕಿ, ನನ್ನನ್ನು ನಿಲ್ಲಿಸಿ ಕೇಳಿದಳು: "ಮಗಳೇ, ನಿನ್ನ ಮನೆಯಲ್ಲಿ ಯಾರಿಗಿದೆ?" ಯಾರಿಗೂ ಇಲ್ಲ ಎಂದು ನಾನು ಕಲಿತಿದ್ದ ಅಷ್ಟಿಷ್ಟು ಸ್ಪ್ಯಾನಿಷಿನಲ್ಲಿ ಹೇಳಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದಳು. "ಯಾರಿಗೂ ಇಲ್ಲವಾ? ನಿಮ್ಮ ಮನೆಯಲ್ಲಿ ಎಷ್ಟು ಜನ, ನೀನೊಬ್ಬಳೇನಾ?" ಎಂದಳು. ಮತ್ತೆ ನಗು. ನಾನೂ ನಕ್ಕು ಚೀಟಿ ಅಂಟಿಸಿದೆ. ಪಾಪ, ಇವರ ಹಣೆಬರಹ ಎಂದು ಅಂದುಕೊಂಡದ್ದು ನೆನಪಿದೆ.

ವಾರದ ಕೊನೆಯಲ್ಲಿ ನಾನು ಸ್ಯಾನ್ ಡಿಯೇಗೋ ಪಕ್ಕದ ಪೊವೇಗೆ ಹೋಗುತ್ತಿದ್ದೆ. ಅಪ್ಪನ ಕೊನೆಯ ತಮ್ಮ, ಚಿಕ್ಕಪ್ಪ, ಅಲ್ಲಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಚಿಕ್ಕಮ್ಮನೂ ಉಡುಪಿ ಕಡೆಯವರೇ. ಸ್ಯಾನ್ ಡಿಯೇಗೋಗೆ ಬಂದು ಎಷ್ಟು ವರ್ಷವಾದರೂ ಅವರ ಮಾತಿನ ಧಾಟಿ ಊರಿನದೇ. ನನಗೆ ಗಂಡು ನೋಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದರು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಆಮೇಲೆ ಇತ್ತು.

ಅವನು ಬೆಂಗಳೂರಿನವನು, ಸ್ಯಾನ್ ಡಿಯೇಗೋದಲ್ಲಿ ಟೆಲಿಕಾಂ ಇಂಜಿನಿಯರ್. ಮೊದಲ ಸಲ ಚಿಕ್ಕಮ್ಮನ ಮನೆಯ ಹಿತ್ತಿಲಿನಲ್ಲಿ ನಮ್ಮಿಬ್ಬರನ್ನೇ ಬಿಟ್ಟಾಗ ಅವನು ಏನೂ ಕೇಳಲಿಲ್ಲ. ಮರದಿಂದ ಒಂದು ಕಿತ್ತಳೆ ಕಿತ್ತು, ಸಿಪ್ಪೆ ಹರಿಯದಂತೆ ಒಂದೇ ಸುರುಳಿಯಾಗಿ ಬಿಡಿಸಿ, ಅರ್ಧವನ್ನು ನನ್ನ ಕಡೆಗೆ ಮೇಜಿನ ಮೇಲೆ ಸರಿಸಿದ. ಮಾತಿನಿಂದ ಮೌನವನ್ನು ತುಂಬಬೇಕೆಂಬ ಆತುರ ಅವನಿಗೆ ಇರಲಿಲ್ಲ. ಅಂಥವರು ನನಗೆ ಅಷ್ಟರವರೆಗೆ ಸಿಕ್ಕಿರಲಿಲ್ಲ. ಮೂರು ಸಲ ಭೇಟಿಯಾದೆವು. ನಾಲ್ಕನೆಯ ಸಲ ಅವನ ತಾಯಿ ಬೆಂಗಳೂರಿನಿಂದ ಬಂದಿರುತ್ತಾರೆ, ಅವರು ಒಪ್ಪಿದರೆ ಮುಗಿಯಿತು ಎಂದು ಚಿಕ್ಕಮ್ಮ ಹೇಳಿದರು. ಒಪ್ಪಬೇಕೆಂದು ನಾನು ಬಯಸಿದೆ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲೇ ನಾರ್ಮಲ್ ಪೂಲ್ ಏರತೊಡಗಿತು. ಹೊಸದಾಗಿ, ಎಂದಿಗಿಂತ ಕಡಿಮೆ ಜನರ ರಕ್ತದಿಂದ ಬೆರೆಸಿದ ಪೂಲ್ ಅದು. ಇನ್ಸುಲಿನ್ನಿನ ಅಂಕಿ ಮೊದಲ ದಿನವೇ ಮೇಲಿತ್ತು. ಮಾರನೆಯ ದಿನವೂ ಹಾಗೆಯೇ. ಪರೀಕ್ಷೆಯ ರಾಸಾಯನಿಕಗಳ ಕಿಟ್ ಕೆಟ್ಟಿರಬೇಕೆಂದು ಹೊಸ ಕಿಟ್ ತರಿಸಿದೆವು. ಯಂತ್ರದವನನ್ನು ಕರೆಸಿದೆವು, ಅವನು ಯಂತ್ರ ಬಿಚ್ಚಿ, ಒರೆಸಿ, ಮುಚ್ಚಿ ಹೋದ. ನನ್ನ ಕೈಯೇ ತಪ್ಪುತ್ತಿರಬಹುದೆಂದು ನಾನು ಪಿಪೆಟ್ ಹಿಡಿಯುವುದನ್ನು ಪ್ರೊಫೆಸರ್ ಹಿಂದೆ ನಿಂತು ನೋಡಿದರು. ಅನುಮಾನ ಬಾರದೆ ಉಳಿದದ್ದು ರಕ್ತ ಒಂದೇ. ಕಡೆಗೆ, ಬೇರೆ ದಾರಿ ಕಾಣದೆ, ರಕ್ತ ಕೊಟ್ಟವರದ್ದನ್ನೆಲ್ಲ ಬೇರೆ ಬೇರೆಯಾಗಿ ಓಡಿಸಲು ಹೇಳಿದರು.

ಓಡಿಸಿದವಳು ನಾನೇ. ಎಲ್ಲರ ಅಂಕಿಗಳೂ ಕೆಳಗಿದ್ದವು, ಒಂದನ್ನು ಬಿಟ್ಟು. ಸ್ಯಾನ್ ಪೀಡ್ರೊದ ಹೆಂಗಸರ ಸಾಲಿನಲ್ಲಿ ಇಟ್ಟರೆ ಅವರ ನಡುವೆ ಸಲೀಸಾಗಿ ಕೂರುವಂಥ ಅಂಕಿ. ಮತ್ತೊಮ್ಮೆ ಓಡಿಸಿದೆ. ಅಷ್ಟೇ ಬಂತು.

ಪ್ರೊಫೆಸರ್ ನನಗೆ ಸಕ್ಕರೆ ನೀರು ಕುಡಿಸಿ ನೋಡುವ ಪರೀಕ್ಷೆ ಮಾಡಿಸಿದರು. ಕಿತ್ತಳೆ ರುಚಿ ಬೆರೆಸಿದ, ಗಂಟಲಿಗೆ ಅಂಟುವಷ್ಟು ಸಿಹಿಯಾದ ನೀರು. ಎರಡು ಗಂಟೆ ಕುರ್ಚಿಯಲ್ಲಿ ಕೂತಿದ್ದೆ. ಕೊನೆಯ ಸಲ ಸೂಜಿ ತೆಗೆಯುವಾಗ ಸ್ಯಾನ್ ಪೀಡ್ರೊದವಳು ಹತ್ತಿ ಒತ್ತಿ ಹಿಡಿದು ಕೇಳಿದಳು:

"ಫ್ಲಾಕಾ, ಮನೆಯಲ್ಲಿ ಯಾರಿಗೂ ಇಲ್ಲ ಅಂದಿದ್ದೆ."

"ಇಲ್ಲ."

"ಕೇಳಿದ್ದೀಯಾ? ಅಥವಾ ಯಾರೂ ಹೇಳಿಲ್ಲ ಅಂತ ಇಲ್ಲ ಅಂದುಕೊಂಡಿದ್ದೀಯಾ?"

ನನಗೆ ಸಿಟ್ಟು ಬಂತು. ನಮ್ಮ ಮನೆಯ ಬಗ್ಗೆ ಇವಳಿಗೇನು ಗೊತ್ತು ಎಂದುಕೊಂಡೆ.

ಸಂಜೆ ಪ್ರೊಫೆಸರ್ ತಮ್ಮ ಕೋಣೆಗೆ ಕರೆದರು. ಅವರು ಕೆಟ್ಟವರಲ್ಲ, ಕುರ್ಚಿ ಎಳೆದುಕೊಟ್ಟರು. ಎರಡು ಗಂಟೆಯ ನಂತರದ ಸಕ್ಕರೆ ಇರಬೇಕಾದದ್ದಕ್ಕಿಂತ ಹೆಚ್ಚು, ಕಾಯಿಲೆ ಎನ್ನುವುದಕ್ಕಿಂತ ಕಡಿಮೆ ಎಂದರು. ಆಮೇಲೆ ಅವರ ಮುಖ ಗೆಲುವಾಯಿತು.

"ಒಂದು ಸಮಾಧಾನದ ವಿಷಯ. ಯಂತ್ರ ಸರಿಯಾಗಿದೆ. ಕಿಟ್ ಕೂಡ."

ಅಂಕಿಗಳ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

"ನಿನ್ನನ್ನು ಪೂಲಿನಿಂದ ತೆಗೆಯಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡ."

"ಹಾಗಾದರೆ ಸ್ಟಡಿಗೆ ಸೇರಿಸಿಕೊಳ್ಳುತ್ತೀರಾ?"

"ಹೇಗೆ ಸೇರಿಸಲಿ? ನೀನು ಮೆಕ್ಸಿಕೊ ಮೂಲದವಳಲ್ಲವಲ್ಲ," ಎಂದು ನಕ್ಕರು.

"ಈ ಅಂಕಿಯಿಂದ ನನ್ನ ಬಗ್ಗೆ ಏನು ಹೇಳಬಹುದು? ಎಷ್ಟು ವರ್ಷದಲ್ಲಿ, ಬರುತ್ತದೋ ಇಲ್ಲವೋ?"

ಅವರು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸಿದರು. "ಪ್ರಾಮಾಣಿಕವಾಗಿ ಹೇಳುವುದಾದರೆ, ನನಗೆ ಗೊತ್ತಿಲ್ಲ. ಈ ಲೆಕ್ಕವೆಲ್ಲ ಅವರದು. ನಿಮ್ಮ ಜನರ ಮೇಲೆ ಬೇರೆಲ್ಲೋ ಯಾರೋ ಕೆಲಸ ಮಾಡುತ್ತಿರಬೇಕು. ನಿನ್ನ ಡಾಕ್ಟರನ್ನು ನೋಡು."

ಆ ಪೂಲಿನ ಕೊಳವೆಗಳನ್ನೆಲ್ಲ ಫ್ರೀಜರಿನಿಂದ ತೆಗೆದು ಕೆಂಪು ಚೀಲಕ್ಕೆ ಸುರಿದವಳೂ ನಾನೇ. ಕಸ ಹಾಕುವ ಸರದಿ ಆ ವಾರ ನನ್ನದಾಗಿತ್ತು.

ಶನಿವಾರ ಪೊವೇಗೆ ಹೋದೆ. ಮರುದಿನ ಮಧ್ಯಾಹ್ನ ಅವನೂ ಅವನ ತಾಯಿಯೂ ಊಟಕ್ಕೆ ಬರುವವರಿದ್ದರು. ಚಿಕ್ಕಮ್ಮ ಹಯಗ್ರೀವಕ್ಕೆ ಕಡಲೆಬೇಳೆ ಆರಿಸುತ್ತಿದ್ದರು. ನಾನು ಎದುರು ಕೂತು ಸುತ್ತುಬಳಸದೆ ಹೇಳಿದೆ: ರಕ್ತ ಪರೀಕ್ಷೆಯಲ್ಲಿ ಹೀಗೆ ಬಂದಿದೆ. ಆಮೇಲೆ ಕೇಳಿದೆ: "ನಮ್ಮ ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ, ಚಿಕ್ಕಮ್ಮ?"

ಚಿಕ್ಕಮ್ಮ ಬೇಳೆಯಿಂದ ತಲೆ ಎತ್ತಲಿಲ್ಲ. "ಯಾರಿಗೆ ಇಲ್ಲ ಅಂತ ಕೇಳು ಮಾರಾಯ್ತಿ. ನಿನ್ನ ಅಜ್ಜಿಗೆ ಇತ್ತು. ನಿನ್ನ ಅತ್ತೆಗೆ ಉಂಟು. ನಿನ್ನ ಅಪ್ಪನಿಗೆ ಉಂಟು. ಇವರಿಗೂ ಉಂಟು, ನೀನು ನೋಡ್ಲಿಲ್ವಾ, ಬೆಳಿಗ್ಗೆ ಬಾತ್‌ರೂಮಲ್ಲಿ ಬೆರಳು ಚುಚ್ಚಿಕೊಳ್ಳುದು?"

"ಮತ್ತೆ ಕಾಶಿ?"

"ಕಾಶಿಗೆ ಹೋದದ್ದು ಹೌದು. ಅದೆಲ್ಲ ಸುಳ್ಳಲ್ಲ. ಶುಗರ್ ಮೊದಲು ಬಂತು, ಕಾಶಿ ಆಮೇಲೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೆಣ್ಣುಮಕ್ಕಳಿರುವ ಮನೆ ಅಲ್ವಾ? ನಿನ್ನ ಅತ್ತೆಗೆ ಮೂರು ಹುಡುಗಿಯರು, ನಿನ್ನ ಅಪ್ಪನಿಗೆ ನೀನು. ಆ ಮನೆಯಲ್ಲಿ ಶುಗರ್ ಉಂಟಂತೆ ಅಂತ ಒಂದು ಮಾತು ಹೊರಗೆ ಹೋದ್ರೆ ಸಾಕು. ನನಗೂ ಮದುವೆ ಆಗಿ ಆರು ತಿಂಗಳಾದ ಮೇಲೆಯೇ ಗೊತ್ತಾದ್ದು. ನನಗೂ ಇದೇ ಕಾಶಿಯ ಕಥೆ ಹೇಳಿದವರೇ ನಿಮ್ಮವರು!" ಎಂದು ನಕ್ಕರು. ನಾನು ನಗಲಿಲ್ಲವೆಂದು ನೋಡಿ ಬೇಳೆಯ ತಟ್ಟೆಯನ್ನು ಬದಿಗಿಟ್ಟರು. "ನೋಡು, ನಿನಗೆ ಇನ್ನೂ ಬರ್ಲಿಲ್ಲ. ಬಂದಾಗ ಬಂತು. ನಾಳೆ ಅವರ ಎದುರು ಅದು ಇದು ಅಂತ ಹೇಳ್ಲಿಕ್ಕೆ ಹೋಗ್ಬೇಡ. ಗೊತ್ತಾಯ್ತಾ?"

ಅಜ್ಜಿಯ ಹೆಬ್ಬೆರಳು ಹೋದಾಗ ನಾನು ಏಳನೆಯ ತರಗತಿ. ಆ ಚಪ್ಪಲಿಯನ್ನು ನಾನೇ ತೆಗೆದುಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಎಸೆದಿದ್ದೆ. ಅಜ್ಜಿಯನ್ನು ಕಚ್ಚಿದ್ದಕ್ಕೆ ಶಿಕ್ಷೆಯೆಂದು. ದೊಡ್ಡವರು ನೋಡುತ್ತಿದ್ದರು, ಯಾರೂ ಏನೂ ಹೇಳಲಿಲ್ಲ.

ಭಾನುವಾರ ಅವರು ಬಂದರು. ಅವನ ತಾಯಿ ಬಿಳಿಯ ರೇಷ್ಮೆ ಸೀರೆ ಉಟ್ಟ, ಮೆಲುದನಿಯ ಹೆಂಗಸು. ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಹಿಡಿದರು. "ಎಷ್ಟು ಸಣ್ಣ ಇದೀಯಮ್ಮ! ನಮ್ಮನೆಗೆ ಬಂದ್ರೆ ತಿನ್ನಿಸಿ ತಿನ್ನಿಸಿ ದಪ್ಪ ಮಾಡ್ತೀನಿ ನೋಡು," ಎಂದರು. ಒಳ್ಳೆಯ ಕೈ, ಬೆಚ್ಚಗಿತ್ತು. ಚಿಕ್ಕಪ್ಪ ಅವನನ್ನು ಹೊಸ ಹುಲ್ಲು ಕತ್ತರಿಸುವ ಮೆಷಿನ್ ತೋರಿಸಲು ಗರಾಜಿಗೆ ಕರೆದುಕೊಂಡು ಹೋಗಿದ್ದರು. ಒಳಗೆ ನಾವು ಹೆಂಗಸರು ಮೂವರೇ.

ಬಡಿಸುವ ಮೊದಲು ಅವನ ತಾಯಿ ನೀರು ಕೇಳಿದರು. ನಾನು ತಂದುಕೊಟ್ಟೆ. ಅವರು ಪರ್ಸಿನಿಂದ ಒಂದು ಪಟ್ಟಿ ತೆಗೆದು, ಬಿಳಿ ಮಾತ್ರೆಯೊಂದನ್ನು ಉಗುರಿನಿಂದ ಎರಡು ಹೋಳು ಮಾಡಿ, ಒಂದನ್ನು ನುಂಗಿದರು. "ಶಕ್ತಿಗೆ," ಎಂದರು, ನಾನು ಕೇಳದೆಯೇ. ಗಂಡಸರು ಒಳಗೆ ಬರುವ ಮೊದಲೇ ಚಿಕ್ಕಮ್ಮ ಹಯಗ್ರೀವದ ಪಾತ್ರೆ ಹಿಡಿದು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಅಯ್ಯೋ ಬೇಡ್ರೀ. ನಾನು ಸಿಹಿ ಮುಟ್ಟಲ್ಲ. ಕಾಶಿಲಿ ಬಿಟ್ಟ್ ಬಂದ್ಬಿಟ್ಟೆ."

ಚಿಕ್ಕಮ್ಮನ ಕೈಯಲ್ಲಿ ಸೌಟು ನಿಂತಿತು. ನನ್ನ ಕಡೆ ಒಂದು ಕ್ಷಣ ನೋಡಿದರು. "ಹೌದಾ? ಪುಣ್ಯವಂತರು ನೀವು," ಎಂದು ಪಾತ್ರೆಯನ್ನು ಒಳಗೆ ಒಯ್ದರು.

ಊಟವಾದ ಮೇಲೆ ನಾವಿಬ್ಬರೂ ಬೀದಿಯಲ್ಲಿ ನಡೆದೆವು. ಒಂದೇ ಬಗೆಯ ಮನೆಗಳು, ಒಣಗಿದ ಗುಡ್ಡ, ಬಿಸಿಲು. ಅಮ್ಮನಿಗೆ ನೀವು ತುಂಬ ಹಿಡಿಸಿದಿರಿ ಎಂದ. ಮುಂದಿನ ವರ್ಷ ಇಂಡಿಯಾಕ್ಕೆ ಹೋದಾಗ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕು, ಒಮ್ಮೆಯಾದರೂ ನೋಡಬೇಕೆಂದು ಅವರಿಗೆ ಬಹಳ ಆಸೆ, ನಾವು ಒಟ್ಟಿಗೇ ಹೋಗಬಹುದು ಎಂದ.

ನಾನು ನಿಂತೆ. ಅವನಿಗೆ ಗೊತ್ತಿಲ್ಲ ಎಂದು ನನಗೆ ಆಗ ತಿಳಿಯಿತು. ನನ್ನ ಹಾಗೆಯೇ ಅವನೂ ಒಂದು ಶಕ್ತಿಮಾತ್ರೆಯ ಮನೆಯಲ್ಲಿ ಬೆಳೆದವನು. ಇವನಿಗಾದರೂ ನಿಜ ಹೇಳಬೇಕೆಂದು ನಾನು ತೀರ್ಮಾನಿಸಿದ್ದು ಅಲ್ಲಿಯೇ. ಅವನ ತಾಯಿಯ ವಿಷಯ ನನ್ನದಾಗಿರಲಿಲ್ಲ. ನನ್ನದನ್ನು ಹೇಳಿದೆ.

ಅವನು ಕೊನೆಯವರೆಗೂ ಕೇಳಿಸಿಕೊಂಡ. "ಅಂದ್ರೆ ಇದು ಡಯಾಬಿಟಿಸ್ ಅಲ್ಲ, ಅಲ್ವಾ?"

"ಅಲ್ಲ. ಆಗಬಹುದು."

"ಯಾವಾಗ?"

"ಗೊತ್ತಿಲ್ಲ. ಅದನ್ನೇ ನಮ್ಮ ಲ್ಯಾಬಲ್ಲಿ ಹುಡುಕ್ತಿರೋದು. ನನಗಲ್ಲ, ಬೇರೆಯವರಿಗೆ."

"ಹೇಳಿದ್ದು ಒಳ್ಳೇದಾಯ್ತು," ಎಂದ ಅವನು. "ಥ್ಯಾಂಕ್ಸ್. ನಿಜವಾಗ್ಲೂ." ಆ ವಾರವೆಲ್ಲ ನಾನು ಆ ಮಾತನ್ನು ಇಟ್ಟುಕೊಂಡು ಓಡಾಡಿದೆ. ಒಂದು ಮನೆಯಲ್ಲಾದರೂ ಇದು ಮುಗಿಯುತ್ತದೆ ಎಂದುಕೊಂಡೆ. ನಾವು ಕಟ್ಟುವ ಮನೆಯಲ್ಲಿ ಯಾರೂ ಏನನ್ನೂ ಕಾಶಿಯಲ್ಲಿ ಬಿಡಬೇಕಾಗಿಲ್ಲ ಎಂದು.

ಮುಂದಿನ ಭಾನುವಾರ ಅವನು ಸ್ಯಾನ್ ಡಿಯೇಗೋದ ಕರ್ನಿ ಮೆಸಾಗೆ ಬರಹೇಳಿದ. ಆಫೀಸುಗಳ ನಡುವಿನ ಒಂದು ನೂಡಲ್ಸ್ ಅಂಗಡಿ. ರಜೆಯ ದಿನವಾದ್ದರಿಂದ ಹೆಚ್ಚು ಜನರಿರಲಿಲ್ಲ. ಅವನು ನನಗಿಂತ ಮೊದಲೇ ಬಂದು ಕೂತಿದ್ದ. ನನ್ನನ್ನು ನೋಡಿದ್ದೇ ಮಾತಾಡತೊಡಗಿದ, ಹವಾಮಾನ, ದಾರಿಯ ಟ್ರಾಫಿಕ್, ಆಫೀಸಿನ ಹೊಸ ಮ್ಯಾನೇಜರ್. ಅವನ ಬಾಯಲ್ಲಿ ಅಷ್ಟು ಮಾತನ್ನು ನಾನು ಕೇಳಿರಲಿಲ್ಲ. ವಿಷಯ ಏನೆಂದು ನನಗೆ ಅರ್ಥವಾಯಿತು.

"ಅಮ್ಮಂಗೆ ಹೇಳಿದೆ," ಎಂದ ಕಡೆಗೆ.

"ಏನಂದ್ರು?"

"ನಮ್ಮ ಮನೇಲಿ ಯಾರಿಗೂ ಇಲ್ಲ, ಏಳು ತಲೆಮಾರಿಂದ ಇಲ್ಲದೇ ಇರೋದನ್ನ ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಮನೆಗೆ ತರ್ಬೇಕು ಅಂತಾರೆ. ಮಕ್ಕಳಿಗೆ ಬರುತ್ತೆ ಅಂತ." ಅವನು ಚಾಪ್‌ಸ್ಟಿಕ್ಕುಗಳ ಕಾಗದವನ್ನು ಸಣ್ಣಸಣ್ಣದಾಗಿ ಮಡಿಸುತ್ತಿದ್ದ. "ನಾನು ತುಂಬ ವಾದ ಮಾಡ್ದೆ. ಅಳ್ತಾರೆ. ಏನ್ ಮಾಡ್ಲಿ? ನೀವು ಮದುವೆ ಆದ್ಮೇಲೆ ಹೇಳಿದ್ರೆ ಏನೂ ಆಗ್ತಿರ್ಲಿಲ್ಲ."

"ಏನೂ ಆಗ್ತಿರ್ಲಿಲ್ಲ," ಎಂದು ನಾನೂ ಹೇಳಿದೆ.

ನೂಡಲ್ಸ್ ಬಂತು. ಇಬ್ಬರೂ ಮುಟ್ಟಲಿಲ್ಲ. ಅವನ ತಾಯಿಯ ಬೆಚ್ಚಗಿನ ಕೈ ನೆನಪಾಯಿತು, ಆ ಉಗುರು, ಎರಡು ಹೋಳಾದ ಮಾತ್ರೆ. ಒಂದು ವಾಕ್ಯ ಸಾಕಾಗಿತ್ತು. ಅದನ್ನು ಆಡಿದರೆ ಅವನು ಮನೆಗೆ ಹೋಗಿ ತಾಯಿಯ ಪರ್ಸು ತೆರೆದು ನೋಡುತ್ತಾನೆ, ಗೆದ್ದಂತಾಗುತ್ತದೆ, ಆಮೇಲೂ ಮದುವೆ ಆಗುವುದಿಲ್ಲ. ಆದರೆ ಅಜ್ಜಿಯ ಚಪ್ಪಲಿಯನ್ನು ಎಸೆದವಳಿಗೆ ಪೂರ್ತಿ ಸುಮ್ಮನಿರುವುದಕ್ಕೂ ಆಗಲಿಲ್ಲ.

"ನಿಮ್ಮ ಅಮ್ಮ ಇಲ್ಲಿರೋವಷ್ಟು ದಿನ ಅವರ ಕಾಲು ನೋಡ್ತಾ ಇರಿ. ಪಾದ, ಬೆರಳಿನ ಸಂದಿ. ಗಾಯ ಗೀಯ ಆದ್ರೆ ತಕ್ಷಣ ಡಾಕ್ಟರಿಗೆ ತೋರ್ಸಿ."

ಅವನ ಮುಖ ಬಿಗಿಯಿತು. "ಇದೇನಿದು? ಶಾಪಾನಾ?"

"ಅಲ್ಲ."

"ಬೇಜಾರಾಗಿದೆ, ಒಪ್ತೀನಿ. ಅದಕ್ಕೆ ನಮ್ಮಮ್ಮನ ಬಗ್ಗೆ ಹೀಗೆಲ್ಲ ಮಾತಾಡ್ಬೇಡಿ. ನೀವು ಇಂಥೋರು ಅಂದ್ಕೊಂಡಿರ್ಲಿಲ್ಲ."

ಬಿಲ್ಲನ್ನು ಅವನೇ ಕೊಟ್ಟ. ಹೊರಗೆ ಕಾರಿನ ಬಾಗಿಲು ತೆಗೆಯುವಾಗ ತಿರುಗಿ ನೋಡಿದನೋ ಇಲ್ಲವೋ ನನಗೆ ತಿಳಿಯದು. ನಾನು ಕೀಲಿಯನ್ನು ನೋಡುತ್ತಿದ್ದೆ.

ಪೊವೇಗೆ ಹೋಗಿ ಬಟ್ಟೆಯ ಚೀಲ ತೆಗೆದುಕೊಳ್ಳಬೇಕಾಗಿತ್ತು. ಚಿಕ್ಕಮ್ಮನಿಗೆ ಎರಡು ಮಾತಿನಲ್ಲಿ ಹೇಳಿದೆ. ಕಾಶಿಯ ಸಂಗತಿ ಕೇಳಿದಾಗ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಅಂದ್ರೆ ಅವ್ರು ಕಾಶಿಗೆ ಹೋಗಲೇ ಇಲ್ಲ? ನಾವಾದ್ರೂ ರೈಲಲ್ಲಿ ಹೋಗಿ, ಗಂಗೆಯಲ್ಲಿ ಮುಳುಗಿ, ಬಂದು ಸುಳ್ಳು ಹೇಳಿದ್ದು! ಇರು, ಈಗಲೇ ಫೋನ್ ಮಾಡ್ತೇನೆ."

"ಬೇಡ ಚಿಕ್ಕಮ್ಮ."

"ಎಂತ ಬೇಡ? ಅವರ ಮರ್ಯಾದೆ ನೀನು ಕಾಯುದಾ?"

"ಬೇಡ."

ಅವರು ಫೋನಿನಿಂದ ಕೈ ತೆಗೆದರು. ಸಮಾಧಾನ ಮಾಡುವ ದನಿಯಲ್ಲಿ, "ಹೋಗ್ಲಿ. ಎಲ್‌ಎಯಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ, ಮಂಗಳೂರಿನವ. ಈ ಸಲ ಮಾತ್ರ ಬಾಯಿ ಬಿಡ್ಬೇಡ," ಎಂದರು. ಗೋಳಿಬಜೆಯನ್ನು ಕಾಗದದ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿದರು. ಗರಾಜಿನಲ್ಲಿ ಚಿಕ್ಕಪ್ಪ ಕೈ ಬೀಸಿದರು. ಅವರ ಎಡಗೈಯ ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿರುವುದನ್ನು ನಾನು ಮೊದಲ ಸಲ ಗಮನಿಸಿದೆ. ದಾರಿಯುದ್ದಕ್ಕೂ ಬಲಗಡೆ ಸಮುದ್ರವೋ ಎಡಗಡೆಯೋ ಎಂದೂ ನೋಡದೆ ಕಾರು ಓಡಿಸಿದೆ.

ಮರುದಿನ ಸೋಮವಾರ. ಸ್ಯಾನ್ ಪೀಡ್ರೊದ ಕ್ಲಿನಿಕ್ಕಿನಲ್ಲಿ ಕುರ್ಚಿಗಳು ಆಗಲೇ ತುಂಬಿದ್ದವು. ಬೆಳ್ಳಿ ಜಡೆಯ ಮುದುಕಿ ಎರಡನೆಯ ಸುತ್ತಿನ ರಕ್ತ ಕೊಡಲು ಬಂದಿದ್ದಳು. ನಾನು ಐಸ್ ಡಬ್ಬಿ ಇಳಿಸುತ್ತಿದ್ದಂತೆ ನನ್ನ ಗುರುತು ಹಿಡಿದು ಪಕ್ಕದವಳ ಪಕ್ಕೆಗೆ ತಿವಿದಳು. "ಬಂದಳು ನೋಡು, ಇವಳ ಮನೆಯಲ್ಲಿ ಯಾರಿಗೂ ಇಲ್ಲವಂತೆ."

ನಾನು ಚೀಟಿಗಳ ಸುರುಳಿಯನ್ನು ಮೇಜಿನ ಮೇಲೆ ಇಟ್ಟೆ. ಒಡಕು ಸ್ಪ್ಯಾನಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಹೇಳಿದೆ: ನನ್ನ ಅಜ್ಜಿಗೆ ಇತ್ತು. ನನ್ನ ಅತ್ತೆಗೆ ಇದೆ. ಅಪ್ಪನಿಗೆ, ಚಿಕ್ಕಪ್ಪನಿಗೆ ಇದೆ. ನನಗೆ ಬರುತ್ತಿದೆ.

ಸೂಜಿ ಜೋಡಿಸುತ್ತಿದ್ದ ಗೆಳತಿ ತಲೆ ಎತ್ತಿ ನೋಡಿದಳು. ಮುದುಕಿಗೆ ಆಶ್ಚರ್ಯವೇನೂ ಆಗಲಿಲ್ಲ. ಜಾಗ ಮಾಡಿಕೊಡುವವಳಂತೆ ತನ್ನ ಕೈಚೀಲವನ್ನು ತೊಡೆಗೆ ಎಳೆದುಕೊಂಡಳು.

"ಹಾಗೆ ಹೇಳು ಮತ್ತೆ. ನಿನಗೆ ಯಾವ ಹೆದರಿಕೆಯಿಂದ ಬಂತು, ಮಗಳೇ?"

ನನ್ನ ಮನೆಯವರು ಹೆದರಿದ್ದರು ಎಂದು ಹೇಳುವುದಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ನನಗೆ ಬರುತ್ತಿರಲಿಲ್ಲ. ಅವಳ ತೋಳನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟು, ಮೊದಲ ಕೊಳವೆಗೆ ಅವಳ ಚೀಟಿ ಅಂಟಿಸಿದೆ.